ಪಟ್ಟಿಯಿಂದ ತೆಗೆಸಿದ ಹೆಸರು

ಡೊಂಬಿವಲಿಯ ಉಮಾವತಿ ಇಪ್ಪತ್ತೆರಡು ವರ್ಷ ಠಾಣೆಯ ವಿಮಾ ಕಚೇರಿಯೊಂದಕ್ಕೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿಬಂದವರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಇಲ್ಲದ ಜ್ವರ ಹೇಳಿ ರಜೆ ಹಾಕಿದವರಲ್ಲ. ಅಂಥವರು ಕಳೆದ ನವೆಂಬರಿನಲ್ಲಿ ಮಗಳ ಬಗ್ಗೆ ಒಂದು ಸುಳ್ಳು ಹೇಳಿದರು.

ಮಗಳು ದಿಶಾಗೆ ಇಪ್ಪತ್ನಾಲ್ಕು. ಕಸಾರಾದ ಆಚೆ ಹೊಳೆ ಕೊರೆದ ಇಕ್ಕಟ್ಟಾದ ಕಣಿವೆಯೊಂದಿದೆ. ಗೆಳೆಯರ ತಂಡದೊಡನೆ ಅದನ್ನು ಇಳಿದು ದಾಟುವುದು ಅವಳ ಆಸೆ. ವಿಡಿಯೊ ತೋರಿಸಿದಳು. ಎರಡು ಬಂಡೆಗಳ ನಡುವೆ ಎದೆಮಟ್ಟದ ನೀರು, ಮುಂದೆ ಹಗ್ಗ ಹಿಡಿದು ಇಳಿಯುವ ಕಡಿದಾದ ಗೋಡೆ. ಉಮಾವತಿ ಬೇಡವೆಂದರು. ದಿಶಾ ನಕ್ಕು ಬೂಟು ಕೊಂಡು ತಂದಳು.

ಮರುದಿನ ಉಮಾವತಿ ಮಗಳ ಫೋನಿನಿಂದ ತಂಡದ ಯೋಜನೆ ನೋಡಿಕೊಳ್ಳುವ ಹೃಷೀಕೇಶನ ನಂಬರು ಬರೆದುಕೊಂಡು, ಊಟದ ಬಿಡುವಿನಲ್ಲಿ ಅವನಿಗೆ ಫೋನು ಮಾಡಿದರು. ಮೈಸೂರಿನ ಕಡೆಯ ಹುಡುಗ, ಕನ್ನಡದಲ್ಲೇ ಮಾತಾಡಿದ.

“ದಿಶಾಗೆ ಫಿಟ್ಸ್ ಬರ್ತದೆ. ಅವಳು ನಿಮ್ಗೆ ಹೇಳಿರ್ಲಿಕ್ಕಿಲ್ಲ. ಅವಳನ್ನು ಕರ್ಕೊಂಡು ಹೋಗ್ಬೇಡಿ,” ಎಂದರು ಉಮಾವತಿ.

“ಗಾಬರಿ ಆಗ್ಬೇಡಿ ಆಂಟಿ. ಮಾತ್ರೆ ತಪ್ಪಿಸದೆ ತಗೊಂಡ್ರೆ ಎಲ್ರ ಹಾಗೇ ಇರಬಹುದು. ನನಗೆ ಗೊತ್ತಿರೋ ಒಬ್ರು ಒಳ್ಳೆ ಡಾಕ್ಟರ್ ಇದ್ದಾರೆ, ನಂಬರ್ ಕಳಿಸ್ತೀನಿ.” ಕಳಿಸಿಯೂ ಬಿಟ್ಟ. ಉಮಾವತಿ ಅದನ್ನು ಅಳಿಸಿ ಊಟದ ಡಬ್ಬಿ ತೆರೆದರು.

ಆ ಶುಕ್ರವಾರ ಸಂಜೆ ದಿಶಾ ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ಕೇಳಿದಳು, “ಮಮ್ಮಿ, ತುಮ್ನೇ ಉಸ್ಕೋ ಕ್ಯಾ ಬೋಲಾ? ಹೃಷೀಕೇಶನಿಗೆ ಏನು ಹೇಳಿದೆ? ಕಾಯಿಲೆ ಯಾಕೆ ಮುಚ್ಚಿಟ್ಟೆ ಅಂತ ಅವನು ನನ್ನನ್ನೇ ಕೇಳ್ತಾನೆ! ಲಿಸ್ಟಿಂದ ನನ್ನ ಹೆಸರೂ ತೆಗೆದಿದ್ದಾನೆ.”

“ನೀನು ನನ್ನ ಮಾತು ಕೇಳ್ತಿಯಾ ಮತ್ತೆ?”

“ಭಾನುವಾರ ನೌಪಾಡಾದಲ್ಲಿ ಮೀಟಿಂಗ್ ಇದೆ. ನೀನೇ ಬಂದು ಸುಳ್ಳು ಅಂತ ಹೇಳು. ನಾನು ಹೇಳಿದ್ರೆ ಯಾರೂ ನಂಬೂದಿಲ್ಲ.”

ಭಾನುವಾರ ತಾಯಿ ಮಗಳು ಒಂದೇ ಬೋಗಿಯಲ್ಲಿ, ದೂರದೂರ ನಿಂತು ಹೋದರು. ಠಾಣೆಯ ನೌಪಾಡಾದ ಉಪಾಹಾರ ಗೃಹದಲ್ಲಿ ಎರಡು ಮೇಜು ಜೋಡಿಸಿಕೊಂಡು ಏಳು ಜನ ಕೂತಿದ್ದರು. ನಡುವೆ ಕಣಿವೆಯ ನಕ್ಷೆ. ಯಾರು ಹಗ್ಗ ಹೊರಬೇಕು, ನೀರು ಹೆಚ್ಚಿದ್ದರೆ ಎಲ್ಲಿಂದ ಹಿಂದಿರುಗಬೇಕು ಎಂದು ತೆಳ್ಳಗಿನ ಕನ್ನಡಕದ ಹುಡುಗನೊಬ್ಬ ಬರೆದುಕೊಳ್ಳುತ್ತಿದ್ದ. ಅವನೇ ಹೃಷೀಕೇಶ.

ಉಮಾವತಿ ಕೂರಲಿಲ್ಲ. “ನಾನು ಸುಳ್ಳು ಹೇಳಿದೆ. ಇವಳಿಗೆ ಯಾವ ಕಾಯಿಲೆಯೂ ಇಲ್ಲ. ಹೆದರಿ ಹೇಳಿದ್ದು.” ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದರೆಂದೋ ಏನೋ, ಮುಂದುವರಿಸಿದರು: “ದಯವಿಟ್ಟು ಇದು ಹೊರಗೆ ಹೋಗೂದು ಬೇಡ. ಮದುವೆ ಆಗ್ಬೇಕಾದ ಹುಡುಗಿ. ಅಂಥದ್ದೆಲ್ಲ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.”

ದಿಶಾ ನೆಲ ನೋಡಿದಳು. ಉಳಿದವರ ಕಣ್ಣು ಹೃಷೀಕೇಶನ ಕಡೆ ಹೋಯಿತು. ಅವನು ಪೆನ್ನು ಕೆಳಗಿಟ್ಟ.

“ನನಗಿದೆ ಆಂಟಿ. ಹನ್ನೊಂದನೇ ವಯಸ್ಸಿನಿಂದ. ಅದಕ್ಕೇ ನಾನು ಹಗ್ಗದಲ್ಲಿ ಇಳಿಯಲ್ಲ. ಪ್ಲ್ಯಾನ್ ಮಾಡಿ, ಮೇಲಿನ ಹಳ್ಳಿಯಲ್ಲಿ ಕಾಯ್ತೀನಿ.”

ಸಿಟ್ಟಿನಿಂದ ಹೇಳಿದ್ದರೆ ಉಮಾವತಿ ಏನಾದರೂ ಉತ್ತರ ಕೊಡುತ್ತಿದ್ದರೇನೋ. ಅವನು ಕುರ್ಚಿ ಎಳೆದು ಕೂರಿಸಿದ, ಚಹಾ ಹೇಳಿದ, ದಿಶಾಳ ಹೆಸರನ್ನು ಮತ್ತೆ ಬರೆದ. ಉಮಾವತಿ ಚಹಾದ ಲೋಟವನ್ನು ಮುಟ್ಟಲಿಲ್ಲ. ತಿರುಗಿ ಬರುವಾಗ ದಿಶಾ ಒಂದೇ ಮಾತು ಹೇಳಿದಳು: “ಸುಳ್ಳು ಹೇಳಿದ್ದಕ್ಕಿಂತ ಇದು ಹೆಚ್ಚಾಯ್ತು ಮಮ್ಮಿ.”

ಡಿಸೆಂಬರಿನ ಎರಡನೇ ಶನಿವಾರ ತಂಡ ಕಣಿವೆಗೆ ಇಳಿಯಿತು. ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಉಮಾವತಿಗೆ ಹಳ್ಳಿಯಿಂದ ಹೃಷೀಕೇಶನ ಫೋನು ಬಂತು. “ಎಲ್ರೂ ಮೇಲೆ ಬಂದ್ರು ಆಂಟಿ. ದಿಶಾ ಆರಾಮಾಗಿದ್ದಾಳೆ.”

“ಹೃಷೀಕೇಶ,” ಎಂದರು ಉಮಾವತಿ, “ನಾನು ಅವತ್ತು ಹೇಳಿದ್ದು ತಪ್ಪು.”

“ಅದನ್ನ ಆಗಲೇ ಹೇಳಿದ್ರಲ್ಲ ಆಂಟಿ.”

“ಆ ಸುಳ್ಳಲ್ಲ. ಆಮೇಲೆ ಹೇಳಿದ್ದು. ಮನೆತನದ್ದು.”

“ಸರಿ ಆಂಟಿ,” ಎಂದ ಅವನು. “ಉಳಿದವರ ಮನೆಗೂ ಫೋನ್ ಮಾಡ್ಬೇಕು, ಇಡ್ತೀನಿ.”

ಕ್ಷಮಿಸಿದನೋ ಇಲ್ಲವೋ ಉಮಾವತಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.