ಆಜಿಯ ಅಜ್ಜಿಯ ಸಾಕ್ಷಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದ್ದ ವಸಂತದಲ್ಲಿ, ಡಚ್ಚರ ದೇಶದ ವೂರ್‌ಬರ್ಗ್‌ನಲ್ಲಿದ್ದ ನಮ್ಮ ಕಟ್ಟಡದ ಅಂಗಳದಲ್ಲಿ ಒಂದು ಕಬ್ಬಿನ ತೋಟ ಎದ್ದು ನಿಂತಿತು.

ಅದಕ್ಕೆ ಕಾರಣ ಪಕ್ಕದ ಮನೆಯ ಆಜಿ. ಅವರು ಹುಟ್ಟಿದ್ದು ಸುರಿನಾಮದಲ್ಲಿ. ಹಿಂದೆ ಅದು ಡಚ್ಚರ ವಸಾಹತು. ಕಬ್ಬು ಕಡಿಯಲು ನಮ್ಮ ದೇಶದಿಂದ ಜನರನ್ನು ಹಡಗಿನಲ್ಲಿ ಅಲ್ಲಿಗೆ ಒಯ್ಯುತ್ತಿದ್ದರು. ಅವರ ಮನೆಮಾತಿನಲ್ಲಿ ಆಜಿ ಎಂದರೆ ಅಜ್ಜಿ. ಆ ಮಾತು ನಮ್ಮ ಮನೆಯ ದಖನಿ ಉರ್ದುವಿಗೆ ಹತ್ತಿರ. ಹಾಗಾಗಿ ಬಾಲ್ಕನಿಯಿಂದ ಬಾಲ್ಕನಿಗೆ ದಿನವೂ ಹರಟೆ.

ಒಮ್ಮೆ ಆಜಿ ತಮ್ಮ ಅಜ್ಜಿಯ ಕತೆ ಹೇಳಿದರು. ತೋಟದ ಮ್ಯಾನೇಜರ್ ಕೆಲಸ ಹೆಚ್ಚಿಸುತ್ತಲೇ ಹೋದನಂತೆ. ಜ್ವರದಲ್ಲಿ ನಡುಗುತ್ತಿದ್ದ ಬಾಣಂತಿಯನ್ನೂ ಗದ್ದೆಗೆ ಎಳೆತಂದಾಗ ಆಜಿಯ ಅಜ್ಜಿ ಕತ್ತಿ ಕೆಳಗಿಟ್ಟು ಕುಳಿತುಬಿಟ್ಟರು. ನೋಡನೋಡುತ್ತ ಎಲ್ಲರೂ ಕುಳಿತರು. ಗಾಣ ನಿಂತಿತು. ವಿಚಾರಣೆಗೆ ಸರ್ಕಾರದ ಅಧಿಕಾರಿ ಬಂದ. ಮ್ಯಾನೇಜರನನ್ನು ಕೇಳಿದ, ಮೇಸ್ತ್ರಿಗಳನ್ನು ಕೇಳಿದ. ಹೆಂಗಸರನ್ನು ಪಕ್ಕಕ್ಕೆ ಸರಿಸಿ ಹೊರಟುಹೋದ.

ಅಷ್ಟರಲ್ಲಿ ಆಜಿಯ ಹುಟ್ಟುಹಬ್ಬ ಬಂತು. ಅವರ ಮಕ್ಕಳು ಯಾರೂ ಬರುವಂತಿರಲಿಲ್ಲ. "ಕೆಳಗೆ ನಾವು ಆ ಕತೆ ಆಡೋಣ, ಆಜಿ ಮೇಲಿಂದ ನೋಡ್ಲಿ" ಎಂದಳು ಅಕ್ಕ. ಅವಳನ್ನು ನಾವು ಆಪಾ ಎಂದು ಕರೆಯುತ್ತಿದ್ದೆವು.

ಕಬ್ಬೆಂದು ಬಿದಿರು ಕೋಲುಗಳನ್ನು ನೆಟ್ಟೆವು. ಕತ್ತರಿಸಿದ ಹುಲ್ಲಿನ ಹಸಿ ವಾಸನೆ, ಬೆನ್ನ ಮೇಲೆ ಎಳೆ ಬಿಸಿಲು. ಆಪಾ ಮ್ಯಾನೇಜರ್. ನಮ್ಮ ತಂದೆ, ಅಬ್ಬಾ, ಅಧಿಕಾರಿ; ತಲೆಗೆ ದೊಡ್ಡ ಹ್ಯಾಟು. ಅಮ್ಮಿಯ ದುಪಟ್ಟಾ ಹೊದ್ದ ನಾನು ಆಜಿಯ ಅಜ್ಜಿ. ಬಾಲ್ಕನಿಗಳಲ್ಲೆಲ್ಲ ಜನ.

ನನ್ನ ಸರದಿ ಬಂದಾಗ ಅಬ್ಬಾ ಕೈ ಬೀಸಿ, "ಹೆಂಗಸರು ಆ ಕಡೆ ಹೋಗಿ" ಎಂದರು. ನಾನು ತಲೆ ತಗ್ಗಿಸಿ ಸರಿಯಬೇಕಿತ್ತು. ಕಾಲು ಏಳಲಿಲ್ಲ.

"ನಾನು ಹೋಗಲ್ಲ. ನನ್ನನ್ನೂ ಕೇಳಿ" ಎಂದುಬಿಟ್ಟೆ.

ಆಪಾ ಕಣ್ಣು ಕೆಕ್ಕರಿಸಿದಳು. ಅಬ್ಬಾ ಗಲಿಬಿಲಿಯಾಗಿ, "ಸರಿ, ಹೇಳಮ್ಮ" ಎಂದರು. ಏನು ಹೇಳಲಿ? ನಾನು ಮೇಲೆ ನೋಡಿದೆ.

ಆಜಿ ಕುರ್ಚಿಯಿಂದ ಎದ್ದು ನಿಂತಿದ್ದರು. ಕಂಬಿ ಹಿಡಿದು ಕೆಳಗೆ ಬಾಗಿದರು. "ಬರೀ ಕತ್ತಿ ಕೆಳಗಿಟ್ಟೆ ಸಾಹೇಬರೇ, ಯಾರ ಮೇಲೂ ಎತ್ತಲಿಲ್ಲ. ಆ ಬಾಣಂತಿ ನನ್ನ ತಂಗಿ" ಎಂದರು, ತಾವೇ ಆ ಅಜ್ಜಿಯಾದಂತೆ, ತಮ್ಮ ಭಾಷೆಯಲ್ಲಿ.

ಅವರು ಒಂದೊಂದು ಮಾತು ಹೇಳಿದಂತೆ ನಾನು ಅದನ್ನು ಡಚ್‌ನಲ್ಲಿ ಕೂಗಿ ಹೇಳಿದೆ. ಕೂಗಿ ಕೂಗಿ ಗಂಟಲು ಉರಿಯಿತು; ಆದರೂ ನಿಲ್ಲಿಸಲು ಮನಸ್ಸಿಲ್ಲ. ಅಬ್ಬಾ ಹ್ಯಾಟು ತೆಗೆದು ಕೇಳಿದರು: "ನಿಮ್ಮ ಹೆಸರೇನಮ್ಮ?" ಆಜಿ ತಮ್ಮ ಅಜ್ಜಿಯ ಹೆಸರು ಹೇಳಿದರು. ಆ ಹೆಸರನ್ನು ನಾನು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದೆ.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಮೇಲಿನ ಮನೆಯವರು ಪಾತ್ರೆ ಬಡಿದರು. ಆಜಿ ಅಳುತ್ತಲೇ ನಗುತ್ತಿದ್ದರು.

ಓಡಿಹೋಗಿ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಆಗ ಯಾರೂ ಯಾರನ್ನೂ ಮುಟ್ಟುವಂತಿರಲಿಲ್ಲ. ಮೆಟ್ಟಿಲ ಬುಡದಲ್ಲೇ ನಿಂತು ಕೈ ಬೀಸಿದೆ.

ಈಗ ಶಾಲೆಯಲ್ಲಿ ನೀವು ಕೈ ಎತ್ತಿದರೆ ಟೀಚರ್ ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ, ಮಾತು ಮುಗಿಯುವವರೆಗೆ ಕಾಯುತ್ತಾರೆ. ಅದು ನಿಮಗೆ ದೊಡ್ಡ ವಿಷಯವೇ ಅಲ್ಲ. ಈ ಕತೆ ಕೇಳುತ್ತ ಒಬ್ಬರ ಮೇಲೊಬ್ಬರು ಬಿದ್ದು ನನ್ನ ಮಡಿಲಲ್ಲೇ ಕುಳಿತಿದ್ದೀರಿ, ಅದೂ ದೊಡ್ಡದಲ್ಲ. ಇರಲಿ, ಹಾಗೇ ಕುಳಿತಿರಿ.