ಮದರಂಗಿ ಹಚ್ಚಲು ಬಂದವಳು

ನಾನು ಮೊದಲಿನಿಂದಲೂ ಬಾಯಿಬಡಕಿ. ಮನಸ್ಸಿಗೆ ಬಂದದ್ದನ್ನು ಆಡಿಯೇ ತೀರಬೇಕು.

ಹುಬ್ಬಳ್ಳಿಯ ಓಣಿಯಲ್ಲಿ ನಮ್ಮದು ಕಾಳಿನ ವ್ಯಾಪಾರ ಮಾಡುವ ಲಿಂಗಾಯತರ ಮನೆ. ಪಕ್ಕದ್ದು ಮುಸಲ್ಮಾನ ದರ್ಜಿಯದು. ಅವರ ಮಗಳು, ನಾನು ಒಂದೇ ವಾರಿಗೆಯವರು. ಸಾಲಿ ಬಿಟ್ಟಮೇಲೆ ಮಧ್ಯಾಹ್ನವೆಲ್ಲ ಅವರ ಕಟ್ಟೆಯ ಮೇಲೆ ಕಸೂತಿ ಹಾಕುತ್ತ ಕೂಡುತ್ತಿದ್ದೆವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳ ಮದುವೆ ನಿಶ್ಚಯವಾಯಿತು, ಸ್ವಂತ ಕಾಕಾನ ಮಗನ ಜೊತೆಗೆ.

ನಮ್ಮಲ್ಲಿ ಕಾಕಾನ ಮಗನೆಂದರೆ ಒಡಹುಟ್ಟಿದವನೇ. ಪಂಚಮಿಗೆ ತವರಿಗೆ ಕರೆಯಲು ಬರುವವನು.

"ಅಂವಾ ನಿನಗ ಅಣ್ಣ ಆಗಬೇಕಲ್ಲ. ಹೇಸಿಗಿ ಬರೂದಿಲ್ಲೇನ ನಿನಗ?" ಎಂದುಬಿಟ್ಟೆ.

ಅವಳ ಮುಖ ಸಪ್ಪಗಾಯಿತು. ಬಟ್ಟೆ ಸುತ್ತಿಕೊಂಡು ಒಳಗೆ ಹೋದಳು. ಜ್ವರದ ನೆಪ ಹೇಳಿ ನಾನು ಅವಳ ಮದುವೆಗೂ ಹೋಗಲಿಲ್ಲ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ವರ ಗೋಪನಕೊಪ್ಪದ ನನ್ನ ಸೋದರಮಾವ, ಅವ್ವನ ಕಡೇ ತಮ್ಮ. ಹುಡುಗಿ ಹೊರಗಿನವರ ಪಾಲಾಗಲಿಲ್ಲವೆಂದು ಮನೆಯವರಿಗೆಲ್ಲ ಸಂತೋಷ. ನನಗೂ ಅಷ್ಟೇ. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು.

ಸುದ್ದಿ ಕೇಳಿ ಗೆಳತಿಯ ತಾಯಿ ಕೆನ್ನೆ ಬಡಿದುಕೊಂಡರು. "ತೋಬಾ! ತಾಯಿ ತಮ್ಮ ಅಂದ್ರ ತಂದಿ ಇದ್ದಂಗವಾ. ನಮ್ಮ ಮಂದ್ಯಾಗ ಅದು ದೊಡ್ಡ ಪಾಪ."

ನನ್ನ ಮಾತು ಎಂಥದ್ದಾಗಿತ್ತೆಂದು ಆಗ ತಿಳಿಯಿತು. ನಾಚಿಕೆಯಿಂದ ಊಟ ಸೇರಲಿಲ್ಲ.

ಮದುವೆಯ ಹಿಂದಿನ ದಿನ ಅವಳು ತಾನಾಗಿಯೇ ಬಂದಳು, ತುಂಬು ಬಸುರಿ, ಕೈಯಲ್ಲಿ ಅರೆದ ಮದರಂಗಿ. ನನ್ನ ಅಂಗೈ ಹಿಡಿದು ಹಚ್ಚತೊಡಗಿದಳು. ಒಂದು ಅಂಗೈ ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು. ನನಗೆ ತಡೆಯಲಾಗಲಿಲ್ಲ.

"ನಿನಗ ಹೇಸಿಗಿ ಅನಸೂದಿಲ್ಲೇನ?"

"ಅನಸತೈತಿ," ಎಂದಳು. "ಆದ್ರ ನೀ ಖುಷಿಲೆ ಅದಿ. ಕೈ ಅಳ್ಳಾಡಸಬ್ಯಾಡ."

ತಪ್ಪಾಯಿತು ಎನ್ನಬೇಕಿತ್ತು. ಅವ್ವ, ಅತ್ತಿಗೆಯರು ಸುತ್ತ ಕೂತಿದ್ದರು. ಆಮೇಲೆ ಹೇಳಿದರಾಯಿತೆಂದು ಸುಮ್ಮನಾದೆ.

ತಿಂಗಳೊಳಗೆ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಮನೆಯವರನ್ನು ಮಾತಾಡಿಸಲು ಹೋದಾಗ ಅವಳ ಗಂಡ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ನಾನು ಅವನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನಿಮಗ ಮದರಂಗಿ ಹಚ್ಚಿ ಬಂದ ದಿನಾ ಭಾಳ ಅತ್ತಳ್ರಿ," ಎಂದ. "ಯಾಕಂತ ಎಷ್ಟ ಕೇಳಿದ್ರೂ ಹೇಳಲಿಲ್ಲ. ನಿಮಗೇನರೆ ಗೊತ್ತೈತೇನ್ರಿ?"

"ಗೊತ್ತಿಲ್ರಿ," ಎಂದೆ.