ಎಲ್ಡನ್ ಸ್ಕೋಗನ್ ತುಂಬಿದ ಕಾಡತೂಸು

ಅಂಗಡಿಯಲ್ಲಿ ಕೊಂಡ ಕಾಡತೂಸನ್ನು ಕೋವಿಗೆ ಹಾಕುವವನು ಎಲ್ಡನ್ ಸ್ಕೋಗನ್‌ನ ಲೆಕ್ಕದಲ್ಲಿ ನೆಂಟರಿಗೆ ಹೋಟೆಲಿನಿಂದ ಊಟ ತರಿಸಿ ಬಡಿಸಿದವನಿಗೆ ಸಮ. ಹೊಟ್ಟೆ ತುಂಬೀತು, ಮರ್ಯಾದೆ ಉಳಿಯದು.

ಮೊಂಟಾನಾದ ಡ್ರೈ ವಿಲೋ ಅನ್ನುವ ಊರಿನ ಗೋಧಿ ಕಣಜದಲ್ಲಿ ಅವನು ಜೀವಮಾನವೆಲ್ಲ ಲಾರಿ ತೂಗಿದವನು. ಲಾರಿ ವೇ-ಬ್ರಿಡ್ಜ್ ಹತ್ತುವ ಮೊದಲೇ ತೂಕ ಹೇಳಿಬಿಡುತ್ತಿದ್ದ. ಮುಳ್ಳು ಒಪ್ಪದಿದ್ದರೆ ಮುಳ್ಳನ್ನೇ ಗದರುತ್ತಿದ್ದ. ನಿವೃತ್ತಿಯಾದ ಮೇಲೆ ತೂಗಲು ಏನೂ ಸಿಗದೆ ಕೈ ತುರಿಸತೊಡಗಿತು. ಹೆಂಡತಿ ಲವೋನ್ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ನೆಲಮಾಳಿಗೆಯ ಮೂಲೆಯನ್ನು ಒತ್ತುವರಿ ಮಾಡಿಕೊಂಡು ಕಾಡತೂಸು ತುಂಬುವ ಹವ್ಯಾಸಕ್ಕೆ ಬಿದ್ದ. ಹಾರಿಸಿ ಬಿದ್ದ ಹಿತ್ತಾಳೆ ಚಿಪ್ಪುಗಳನ್ನು ಆಯ್ದು ತಂದು, ತೊಳೆದು ಒರೆಸಿ, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಮದ್ದು ಅಳೆದು ಸುರಿದು, ಬಾಯಿಗೆ ಗುಂಡು ಕೂರಿಸುವುದು. ನಾವು ಹೇಳಿದರೆ ಇಷ್ಟೇ. ಎಲ್ಡನ್ ಹೇಳಿದರೆ ಕೇಳುವವನ ಕಾಫಿ ಆರಿ, ಮೇಲೆ ಕೆನೆ ಕಟ್ಟುತ್ತಿತ್ತು.

ಊರಿನವರು ಅವನನ್ನು ಪ್ರೊಫೆಸರ್ ಎನ್ನುತ್ತಿದ್ದರು. ಮೊದಲು ಅಂದದ್ದು ಗೇಲಿಗೆ. ಅವನು ಅದನ್ನು ಪದವಿ ಎಂದೇ ಸ್ವೀಕರಿಸಿದ್ದರಿಂದ ಗೇಲಿ ಮಾಡಿದವರೂ ಕ್ರಮೇಣ ನಂಬಿಬಿಟ್ಟರು. ಬೇಟೆಗೆ ಪರವಾನಗಿ ಬೇಕಾದ ಹುಡುಗ ಹುಡುಗಿಯರಿಗೆ ಲೂಥರನ್ ಚರ್ಚಿನ ಹಜಾರದಲ್ಲಿ ಪಾಠ ಹೇಳುವವನು ಅವನೇ. ಕೋವಿಯ ಮದ್ದು ನಿಧಾನ ಉರಿಯುವಂಥದು, ಪಿಸ್ತೂಲಿನದು ಸರ್ರನೆ ಉರಿಯುವಂಥದು. ಇದು ಅದಕ್ಕೆ ಸೇರಿದರೆ ಕೋವಿ ಸಿಡಿಯುವುದು ಜಿಂಕೆಯ ಮುಖಕ್ಕಲ್ಲ, ನಿನ್ನ ಮುಖಕ್ಕೆ. ಆದ್ದರಿಂದ ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬಿ ಮದ್ದು. ಈ ಮಾತನ್ನು ಅವನು ಪ್ರಾರ್ಥನೆಯ ರಾಗದಲ್ಲಿ ಹೇಳುತ್ತಿದ್ದ.

ಈ ನಿಯಮಕ್ಕೆ ಮೊದಲ ಬಲಿ ಲವೋನಳ ತಮ್ಮ ರಾಯ್ಸ್. ಬೇಲಿ ಹಾಕುವ ಕೆಲಸದವನು, ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವನೂ ತನ್ನ ಷೆಡ್ಡಿನಲ್ಲಿ ಒಂದಷ್ಟು ಕಾಲ ಕಾಡತೂಸು ತುಂಬುತ್ತಿದ್ದ. ಒಂದು ದಿನ ಎಲ್ಡನ್ ಅಲ್ಲಿಗೆ ಹೋದಾಗ ಮೇಜಿನ ಮೇಲೆ ಎರಡು ಡಬ್ಬಿ ಕಂಡವು. ಏನೂ ಆಗಿರಲಿಲ್ಲ. ಆದರೆ ಎಲ್ಡನ್ ಅದನ್ನು ಡಾಟಿಯ ಕಾಫಿ ಅಂಗಡಿಯಲ್ಲಿ ಹೇಳಿದ, ಮರುದಿನವೂ ಹೇಳಿದ, ಚರ್ಚಿನ ಪಾಠದಲ್ಲಿ ಉದಾಹರಣೆಯಾಗಿ ವರ್ಷವರ್ಷವೂ ಹೇಳಿದ. ರಾಯ್ಸ್‌ಗೆ 'ಎರಡು ಡಬ್ಬಿ' ಎಂಬ ಹೆಸರು ಅಂಟಿಕೊಂಡಿತು. ಅವನು ನಕ್ಕುಬಿಟ್ಟ, ಸಲಕರಣೆಯನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ.

ಆದರೆ ಅಪ್ಪ ಬಿಟ್ಟುಹೋದ ಕೋವಿಯನ್ನು ಬಿಡಲಿಲ್ಲ. ಅದರ ಅಳತೆಯ ಕಾಡತೂಸು ಈಗ ಯಾವ ಅಂಗಡಿಯಲ್ಲೂ ಸಿಗದು. ಬೇರೆಯವನು ತುಂಬಿದ್ದನ್ನು ಹಾರಿಸುವುದೂ ಬೇರೆಯವನ ಬ್ರಷ್ಷಿನಲ್ಲಿ ಹಲ್ಲುಜ್ಜುವುದೂ ಒಂದೇ ಎಂದು ಎಲ್ಡನ್‌ನೇ ಪಾಠ ಹೇಳುತ್ತಿದ್ದ. ಆದರೂ ರಾಯ್ಸ್‌ಗೆ ಮಾತ್ರ ತುಂಬಿಕೊಡುತ್ತಿದ್ದ. ಹೆಂಡತಿಯ ತಮ್ಮ ಅನ್ನುವ ಪ್ರೀತಿ ಇತ್ತು. ವರ್ಷಕ್ಕೊಮ್ಮೆ ಅವನು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದು ಕೇಳುತ್ತಾನೆ ಅನ್ನುವ ಸುಖವೂ ಇತ್ತು.

ಆ ಶರತ್ಕಾಲದ ಒಂದು ಮಧ್ಯಾಹ್ನ ಎಲ್ಡನ್ ಪಿಸ್ತೂಲಿನ ಕೆಲಸ ಮುಗಿಸಿ, ಪಿಸ್ತೂಲು ಮದ್ದಿನ ಡಬ್ಬಿಯನ್ನು ಕಪಾಟಿಗೆ ಸೇರಿಸಿ, ರಾಯ್ಸ್‌ನ ಕೋವಿಯ ಮದ್ದಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಮೇಲೆ ಫೋನ್ ಬಡಿದುಕೊಂಡಿತು. ಜಿಲ್ಲೆಯ ಬೇಟೆ ಶಿಕ್ಷಕರ ಸಂಘದವರು. ಅವನಿಗೊಂದು ಫಲಕ ಕೊಡಬೇಕೆಂದಿದ್ದಾರೆ, ನಾಲ್ಕು ಮಾತಾಡಬಹುದೇ? ಎಲ್ಡನ್ ಆ ನಾಲ್ಕು ಮಾತನ್ನು ಫೋನಿನಲ್ಲೇ ಆಡಿ ತೋರಿಸಿದ. ಒಂದೇ ಡಬ್ಬಿಯ ನಿಯಮದ ಭಾಗ ಬಂದಾಗ ಎದ್ದು ನಿಂತ.

ಕೆಳಗೆ ಬಂದಾಗ ಮೈ ಇನ್ನೂ ಭಾಷಣದ ಕಾವಿನಲ್ಲಿತ್ತು. ಮದ್ದು ಅಳೆದು ಚಿಪ್ಪಿಗೆ ಸುರಿಯುವ ಯಂತ್ರದ ಕೊಳವೆಯಲ್ಲಿ ಒಂದಷ್ಟು ಮದ್ದು ಉಳಿದಿತ್ತು. ಮೇಜಿನ ಮೇಲೆ ಒಂದೇ ಡಬ್ಬಿ. ಒಂದೇ ಡಬ್ಬಿ ಇದ್ದಮೇಲೆ ಕೊಳವೆಯದೂ ಅದರದೇ ಅಲ್ಲವೇ? ನಿಯಮವೇ ಹಾಗೆ ಹೇಳುತ್ತದೆ. ಎಲ್ಡನ್ ಕೊಳವೆಯನ್ನು ಆ ಡಬ್ಬಿಗೆ ಬಗ್ಗಿಸಿದ, ಡಬ್ಬಿಯನ್ನು ಕುಲುಕಿದ, ಅದರಿಂದಲೇ ರಾಯ್ಸ್‌ನ ಕಾಡತೂಸು ತುಂಬಿದ. ರಾಯ್ಸ್ ಬಂದು ಪೆಟ್ಟಿಗೆ ಒಯ್ದ.

ಬೇಟೆಯ ಕಾಲ ಶನಿವಾರ ಬೆಳಿಗ್ಗೆ ಶುರುವಾಗಬೇಕು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಡನ್ ಕಪಾಟಿನಿಂದ ಪಿಸ್ತೂಲು ಮದ್ದಿನ ಡಬ್ಬಿ ಎತ್ತಿದ. ಡಬ್ಬಿ ಹಗುರ. ಕಣ್ಣು ಸುಳ್ಳು ಹೇಳಬಹುದು. ಅಷ್ಟು ವರ್ಷ ತೂಗಿದ ಕೈ ಹೇಳದು. ಉಳಿದ ಮದ್ದು ಎಲ್ಲಿ ಹೋಯಿತು? ಕೋವಿಯ ಡಬ್ಬಿ ಎತ್ತಿದ. ಅದು ಇರಬೇಕಾದ್ದಕ್ಕಿಂತ ಭಾರ. ಒಂದು ಚಿಟಿಕೆ ಕಾಗದದ ಮೇಲೆ ಉದುರಿಸಿ ಭೂತಗನ್ನಡಿ ಹಿಡಿದ. ರಾಗಿಯಲ್ಲಿ ಸಾಸಿವೆ ಬೆರೆತ ಹಾಗೆ ಎರಡು ಬಗೆಯ ಕಾಳು, ಎರಡೂ ಕಪ್ಪು. ಎಲ್ಡನ್ ಫೋನಿಗೆಂದು ಮೆಟ್ಟಿಲು ಹತ್ತಿದ.

ಫೋನ್ ಮಾಡಿದಾಗ ರಾಯ್ಸ್ ಇನ್ನೂ ಮನೆಯಲ್ಲೇ ಇದ್ದ. ಗೆಳೆಯರೆಲ್ಲ ಸೇರಿ ಪಿಕಪ್ಪಿಗೆ ಡೇರೆ ತುಂಬುತ್ತಿದ್ದರು, ಗಲಾಟೆ ಕೇಳುತ್ತಿತ್ತು.

"ಯಾರೋ ಅದು?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಪ್ರೊಫೆಸರ್ ಕಣ್ರೋ! ಟೋಪಿ ತೆಗೀರಿ!" ರಾಯ್ಸ್ ನಕ್ಕ. "ಹೇಳು ಎಲ್ಡನ್, ಬೇಗ ಹೇಳು."

ಇಷ್ಟು ಜನ ಕೇಳುತ್ತಿದ್ದಾರೆ. ನಾಳೆ ಇದು ಡಾಟಿಯ ಅಂಗಡಿಯಲ್ಲಿ. ನಾಡಿದ್ದು ಫಲಕ ಕೊಡುವವರ ಕಿವಿಯಲ್ಲಿ.

"ಆ ಪೆಟ್ಟಿಗೆ ಇದ್ಯಲ್ಲ... ಈ ಸಲ ಅದನ್ನ ಬಿಟ್ಬಿಡು. ಬೇರೆ ತುಂಬಿ ಕೊಡ್ತೀನಿ."

"ಯಾಕೆ, ಏನಾಯ್ತು?"

"ಏನಿಲ್ಲ. ತುಂಬಿದ್ದು ಸ್ವಲ್ಪ ಬಿಗಿ ಇರ್ಬೋದು ಅಂತ."

ರಾಯ್ಸ್ ಗಹಗಹಿಸಿದ. "ನಿನ್ನ ಸ್ವಲ್ಪ ಬಿಗಿ ನಂಗ್ ಗೊತ್ತಿಲ್ವಾ ಮಾರಾಯ! ಹೋದ್ವರ್ಷ ಗುಂಡು ಕೂದಲೆಳೆಯಷ್ಟು ಉದ್ದ ಇದೆ ಅಂತ ಪೆಟ್ಟಿಗೆ ವಾಪಸ್ ಇಸ್ಕೊಂಡೆ. ಅದಕ್ ಮುಂಚೆ ಹಿತ್ತಾಳೆ ಹೊಳೀತಿಲ್ಲ ಅಂತ. ನಿಂಗ್ ಬಿಗಿಯಾದ್ರೆ ನಮ್ಮಂಥೋರಿಗೆ ಸಡಿಲ. ನಡಿಯುತ್ತೆ ಬಿಡು."

"ಇಲ್ಲ ರಾಯ್ಸ್, ನಾನು ಹೇಳೋದು—"

"ಆಯ್ತು, ಜಿಂಕೆಗೂ ಹೇಳ್ತೀನಿ, ಪ್ರೊಫೆಸರ್ ಕಳ್ಸಿದ್ದು ಸ್ವಲ್ಪ ಬಿಗಿ, ಬೇಜಾರ್ ಮಾಡ್ಕೋಬೇಡಮ್ಮ ಅಂತ!" ಹಿಂದೆ ಎಲ್ಲರೂ ನಕ್ಕರು. ಫೋನ್ ಇಟ್ಟಾಯಿತು.

ತಪ್ಪು ಅನ್ನುವ ಒಂದು ಶಬ್ದ ಸಾಕಿತ್ತು. ಎಲ್ಡನ್ ಫೋನನ್ನು ಕೈಯಲ್ಲೇ ಹಿಡಿದು ನಿಂತ. ಮತ್ತೆ ಮಾಡಬಹುದಿತ್ತು. ಬೆರೆತದ್ದು ಸ್ವಲ್ಪವೇ, ನಿಧಾನದ್ದು ಅವಸರದ್ದನ್ನು ನುಂಗಿಕೊಂಡೀತು ಎಂದು ತನಗೆ ತಾನೇ ಪಾಠ ಹೇಳಿಕೊಂಡ. ಚರ್ಚಿನಲ್ಲಿ ಯಾವನಾದರೂ ಹುಡುಗ ಹೀಗೆಂದಿದ್ದರೆ ಪರವಾನಗಿ ಕೊಡುತ್ತಿರಲಿಲ್ಲ.

ಸಂಜೆ ಲವೋನ್ ಮಾಂಸ ಆಲೂಗಡ್ಡೆಯ ಹಾಟ್‌ಡಿಶ್ ಬಡಿಸಿದಳು. ಅವನು ಚಮಚದಲ್ಲಿ ಗೀಚುತ್ತ ಕುಳಿತ.

"ಏನಾಗಿದೆ ನಿಂಗೆ? ಹಲ್ಲು ನೋವಾ?"

ಹೇಳಿದ. ಲವೋನ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಹೇಳ್ದ್ಯಾ ಅವನಿಗೆ?"

"ಹೇಳ್ದೆ. ಬಿಟ್ಬಿಡು ಅಂದೆ."

"ಹೀಗೆ ಹೇಳ್ದ್ಯಾ? ಈಗ ನಂಗ್ ಹೇಳ್ದ ಹಾಗೆ?"

ಎಲ್ಡನ್ ತಟ್ಟೆ ದೂರ ಸರಿಸಿದ. ಅವಳೇ ಎದ್ದು ಫೋನ್ ಹಚ್ಚಿದಳು, ಹಚ್ಚುತ್ತಲೇ ಇದ್ದಳು. ಬೇಟೆಯ ಕಣಿವೆಗೆ ಇಳಿದವರಿಗೆ ಫೋನ್ ಸಿಗುವುದಿಲ್ಲ. "ಹೊರಡು" ಅಂದಳು.

ಹೊರಟರು. ಆದರೆ ಹಿಂದಿನ ದಿನ ಮಳೆ ಬಿದ್ದಿತ್ತು, ಆ ಕಡೆಯ ಮಣ್ಣು ನೆನೆದರೆ ಅಂಟು. ಕಣಿವೆಯ ಬಾಯಲ್ಲಿ ಗಾಡಿ ಅಚ್ಚಿನವರೆಗೆ ಹೂತುಹೋಯಿತು. ಬೆಳಕು ಹರಿಯುವುದನ್ನು ಕಾದು, ನಡೆದು ಇಳಿಯತೊಡಗಿದರು. ಬೂಟಿಗೆ ಹತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ಭಾರವಾಯಿತು. ದೂರದಲ್ಲಿ ಕೋವಿಯ ಸದ್ದಾಯಿತು, ಮಾಮೂಲಿ ಸದ್ದು. ಬೇರೆ ಯಾರದೋ. ಎಲ್ಡನ್ ಉಸಿರು ಬಿಟ್ಟ. ಆಮೇಲೆ ಇನ್ನೊಂದು. ಅದು ಕೋವಿ ಮಾಡುವ ಸದ್ದಾಗಿರಲಿಲ್ಲ. ಲವೋನ್‌ಗೂ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

ರಾಯ್ಸ್ ಬದುಕಿದ. ಬಲಗಣ್ಣು ಹೋಯಿತು, ಎಡಗೈಯಲ್ಲಿ ಹೆಬ್ಬೆರಳೂ ಕಿರುಬೆರಳೂ ಉಳಿದವು.

ಊರಿಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಎರಡು ಡಬ್ಬಿ ರಾಯ್ಸ್ ಅಲ್ಲವೇ! ಕದ್ದು ತಾನೇ ತುಂಬಿರುತ್ತಾನೆ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ರಾಯ್ಸ್‌ಗೂ ಹಾಗೇ ಅನ್ನಿಸತೊಡಗಿತ್ತು. "ಹಳೇ ಕೋಟಿನ ಜೇಬಲ್ಲಿ ನಾನ್ ತುಂಬಿದ್ದು ಒಂದೆರಡು ಉಳ್ಕೊಂಡಿತ್ತೇನೋ, ಅದೇ ಇರ್ಬೇಕು," ಎಂದ, ಬ್ಯಾಂಡೇಜಿನೊಳಗಿಂದ. "ನಿನ್ನ ಮಾತು ಕೇಳ್ಬೇಕಿತ್ತು ಎಲ್ಡನ್. ಕ್ಷಮಿಸಪ್ಪಾ." ಎಲ್ಡನ್ ಬಾಯಿ ತೆರೆದ. ನರ್ಸ್ ಬಂದಳು. ನರ್ಸ್ ಹೋದ ಮೇಲೆ ಅವನು ರಾಯ್ಸ್‌ನ ಹೊದಿಕೆ ಸರಿಮಾಡಿದ. ಲವೋನ್ ಗೋಡೆ ಕಡೆ ತಿರುಗಿ ನಿಂತಿದ್ದಳು. "ನೀನ್ ಹೇಳ್ತೀಯೋ, ನಾನ್ ಹೇಳ್ಲೋ?" ಎಂದು ಹೊರಗೆ ಬಂದಮೇಲೆ ಕೇಳಿದಳು. ನಾನೇ ಹೇಳ್ತೀನಿ, ಅವನು ಮನೆಗ್ ಬರ್ಲಿ, ಎಂದ.

ಮೊದಲು ಡಾಟಿಯ ಅಂಗಡಿಯಲ್ಲಿ ಹೇಳಲು ನೋಡಿದ. ಅಲ್ಲಿ ಸುಲಭ ಅನ್ನಿಸಿತು. ಯಾವಾಗಲೂ ಮಾತಾಡುವ ಜಾಗ. ಎದ್ದು ನಿಂತು, ತಪ್ಪು ತನ್ನದೆಂದ, ಕೊಳವೆಯ ಮದ್ದನ್ನು ಬೇರೆ ಡಬ್ಬಿಗೆ ಸುರಿದೆನೆಂದ.

ಟ್ರ್ಯಾಕ್ಟರ್ ರಿಪೇರಿಯ ಗಾರ್ವಿನ್ ಎದ್ದು ಬಂದು ಅವನ ಬೆನ್ನು ತಟ್ಟಿದ.

"ಹೆಂಡ್ತಿ ತಮ್ಮ ಅಂತ ಇಷ್ಟೊಂದ್ ತಲೆ ಮೇಲೆ ಹಾಕ್ಕೋಬೇಡ ಪ್ರೊಫೆಸರ್. ಅವನ ಕೈಗುಣ ನಮಗೇನು ಗೊತ್ತಿಲ್ವಾ?"

"ಇಲ್ಲಯ್ಯಾ, ನಾನೇ ಮಾಡಿದ್ದು! ನಾನು!"

"ಎಂಥಾ ದೊಡ್ಡ ಮನಸ್ಸು ನೋಡಿ," ಎಂದಳು ಡಾಟಿ, ಕಣ್ಣೊರೆಸಿಕೊಳ್ಳುತ್ತ. ಅವನ ಮುಂದೆ ಸೇಬಿನ ಪೈ ತಂದಿಟ್ಟಳು. "ಆ ರಾಯ್ಸ್‌ಗೆ ನಾಚ್ಕೆ ಆಗ್ಬೇಕು."

ಎಲ್ಡನ್ ಮೇಜು ಗುದ್ದಿದ. ಅವರು ಇನ್ನಷ್ಟು ಗೌರವದಿಂದ ನೋಡಿದರು. ಆ ವಾರದಿಂದ ರಾಯ್ಸ್ ಬರೀ ಎಡವಟ್ಟನಲ್ಲ, ತನ್ನ ತಪ್ಪನ್ನು ಅಕ್ಕನ ಗಂಡನ ತಲೆಗೆ ಕಟ್ಟಲು ಹೊರಟ ಎಡವಟ್ಟ ಎಂದೂ ಆಯಿತು.

ಇನ್ನು ಉಳಿದದ್ದು ಒಬ್ಬನೇ. ರಾಯ್ಸ್ ಮನೆಗೆ ಬಂದಿದ್ದ. ಲವೋನ್ ಆಗಲೇ ಅಲ್ಲಿದ್ದಳು, ಅವನ ಊಟ ಬಟ್ಟೆ ನೋಡಿಕೊಳ್ಳಲು. ಎಲ್ಡನ್ ಹೋದಾಗ ರಾಯ್ಸ್ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ಒಂದೇ ಕೈಯಲ್ಲಿ ಅಂಗಿಯ ಗುಂಡಿಯೊಡನೆ ಹೆಣಗುತ್ತಿದ್ದ. ಲವೋನ್ ಎದುರಿಗೇ ಇದ್ದಳು, ನೆರವಿಗೆ ಹೋಗಲಿಲ್ಲ. ಹೋದರೆ ಬೈಯುತ್ತಿದ್ದನೆಂದು ಕಾಣುತ್ತದೆ.

"ಕೂತ್ಕೋ ಪ್ರೊಫೆಸರ್. ಡಾಟಿ ಅಂಗ್ಡೀಲಿ ನನ್ ಪರವಾಗಿ ಭಾಷಣ ಬಿಗಿದ್ಯಂತೆ? ಬೇಡ ಕಣೋ. ನಂಗ್ ಸಾಕಾಗಿದೆ."

ಎಲ್ಡನ್ ಕೂರಲಿಲ್ಲ. ಎಲ್ಲ ಹೇಳಿದ, ಮೊದಲಿಂದ. ಈ ಸಲ ಸಣ್ಣಗೆ ಹೇಳಿದ. ರಾಯ್ಸ್‌ನ ಬೆರಳು ಗುಂಡಿಯ ಮೇಲೆ ನಿಂತಿತು. ಅವನು ನಂಬಿದ. ಊರಿನಲ್ಲಿ ನಂಬಿದವನು ಅವನೊಬ್ಬನೇ.

"ಯಾರಾದ್ರೂ ಮಾಡ್ತಾರೆ," ಎಂದ. "ತಪ್ಪಾಗುತ್ತೆ. ನಾನೂ ಮಾಡ್ತಿದ್ದೆ." ಆಮೇಲೆ ಉಳಿದ ಒಂದು ಕಣ್ಣೆತ್ತಿ ನೋಡಿದ. "ಒಂದ್ ಹೇಳು. ಫೋನ್ ಮಾಡ್ದಾಗ ಗೊತ್ತಿತ್ತಾ?"

ಎಲ್ಡನ್ ಲವೋನಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಗೊತ್ತಿತ್ತು."

"ನೀನು ಕಾಗದದ ಮೇಲೆ ಹಾಕಿ ನೋಡಿದ್ದೆ. ಆಮೇಲೆ ಫೋನ್ ಮಾಡ್ದೆ," ಎಂದ ರಾಯ್ಸ್.

"ಹೂಂ."

"ಸ್ವಲ್ಪ ಬಿಗಿ ಅಂದೆ."

"ಅಂದೆ."

ರಾಯ್ಸ್ ಮತ್ತೆ ಗುಂಡಿಗೆ ಕೈ ಹಾಕಿದ. ಅದು ಈ ಸಲವೂ ತೂತಿಗೆ ಸೇರಲಿಲ್ಲ. "ಲವೋನ್," ಎಂದ, ದನಿ ಏರಿಸದೆ. "ಇವನನ್ನ ಕಳ್ಸು."

ಲವೋನ್ ಎದ್ದಳು. ಗಂಡನ ಟೋಪಿ ತೆಗೆದು ಅವನ ಕೈಗಿಟ್ಟಳು, ಬಾಗಿಲವರೆಗೆ ಬಂದಳು. ಎಲ್ಡನ್ ಜಗಲಿಗಿಳಿದು, ಅವಳು ಹಿಂದೆಯೇ ಬರುತ್ತಾಳೆಂದು, ಗಾಡಿಯ ಇನ್ನೊಂದು ಬಾಗಿಲು ತೆರೆದು ಹಿಡಿದು ನಿಂತ. ಅವಳು ಒಳಗಿಂದ ಚಿಲಕ ಹಾಕಿಕೊಂಡಳು.